ಅಪ್ಪನ ಕಡೀ ಕಲ್ಲು

ನಮ್ಮ ಮನೆಯಲ್ಲಿ ಕ್ಷೌರದ ಕತ್ತಿ ಮಸೆಯಲು ಮೂರು ಕಲ್ಲುಗಳಿದ್ದವು. ಒಂದು ಒರಟು ಕಲ್ಲು, ಬಾಯಿ ಮುರಿದ ಕತ್ತಿಗೆ. ಇನ್ನೊಂದು ಅದಕ್ಕಿಂತ ನಯ, ವಾರಕ್ಕೊಮ್ಮೆ ಮಸೆಯಲು. ಮೂರನೆಯದು ಅಂಗೈಯಷ್ಟು ಉದ್ದದ, ಬೂದಿಗಪ್ಪು ಬಣ್ಣದ ಪುಟ್ಟ ಕಲ್ಲು. ಅದನ್ನು ಮುಟ್ಟಿದರೆ ಕಲ್ಲು ಮುಟ್ಟಿದ ಹಾಗೇ ಅನ್ನಿಸುತ್ತಿರಲಿಲ್ಲ, ಆಗಷ್ಟೇ ಎರೆದ ಮಗುವಿನ ಬೆನ್ನು ಮುಟ್ಟಿದ ಹಾಗಾಗುತ್ತಿತ್ತು. ಅಪ್ಪ ಅದಕ್ಕೆ ಕಡೀ ಕಲ್ಲು ಎನ್ನುತ್ತಿದ್ದ. ಕತ್ತಿ ಗಿರಾಕಿಯ ಕೆನ್ನೆಗೆ ಹೋಗುವ ಮುಂಚೆ ಕಡೆಯದಾಗಿ ಮುಟ್ಟುವ ಕಲ್ಲು ಅದು.

“ಆ ಎರಡು ಕಲ್ಲು ಕತ್ತಿಗೆ ಹಲ್ಲು ಕೊಡ್ತಾವ. ಇದು ಆ ಹಲ್ಲು ಕಿತ್ತು ನಾಲಿಗಿ ಕೊಡ್ತೈತಿ,” ಎನ್ನುತ್ತಿದ್ದ ಅಪ್ಪ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಖುಷಿಪಟ್ಟು ಮೂಗು ಏರಿಸುತ್ತಿದ್ದ.

ಅದು ಅಂಗಡಿಯಲ್ಲಿ ಕೊಂಡ ಕಲ್ಲಲ್ಲ. ಅಜ್ಜ ಸಂಡೂರಿನ ಗುಡ್ಡದ ಬುಡದಲ್ಲಿ ಹರಿಯುವ ಒಂದು ಹಳ್ಳದಲ್ಲಿ ಇಡೀ ದಿನ ಸೊಂಟ ಬಗ್ಗಿಸಿ ಹುಡುಕಿ ತಂದದ್ದು. ನೂರು ಕಲ್ಲು ಎತ್ತಿ, ಒಂದೊಂದನ್ನೂ ನಾಲಿಗೆಗೆ ತಾಗಿಸಿ ನೋಡಿದನಂತೆ. ನಾಲಿಗೆಗೆ ಮರಳು ಮರಳು ಎನ್ನಿಸಿದ್ದೆಲ್ಲ ವಾಪಸ್ಸು ಹಳ್ಳಕ್ಕೆ. ಈ ಒಂದು ಮಾತ್ರ ಉಳಿಯಿತಂತೆ.

ಹೊಸಪೇಟೆಯಲ್ಲಿ ಸಂಡೂರಿಗೆ ಹೋಗುವ ರಸ್ತೆಯ ಕಡೆ ನಮ್ಮ ಅಂಗಡಿ. ಎರಡು ಕುರ್ಚಿ, ಎದುರು ಬದುರು ಎರಡು ಕನ್ನಡಿ. ನಾನು ಕೆಲಸ ಕಲಿತದ್ದು ಅಲ್ಲೇ, ಅಪ್ಪನ ಬೈಗುಳ ತಿನ್ನುತ್ತ. ಮೊದಲ ವರ್ಷ ಮನುಷ್ಯರ ಮುಖ ಮುಟ್ಟಲೂ ಬಿಡಲಿಲ್ಲ. ಮಣ್ಣಿನ ಗಡಿಗೆಗೆ ಸೋಪಿನ ನೊರೆ ಬಳಿದು ಕೊಡುತ್ತಿದ್ದ. ಅದರ ಮೇಲೆ ಕತ್ತಿ ಆಡಿಸಬೇಕು, ಕರಕರ ಸದ್ದು ಬರಕೂಡದು. ಬಂದರೆ ಮುಗಿಯಿತು.

“ಕತ್ತಿ ಹಿಡದೀಯೇನಲೇ, ಕುಡಗೋಲು ಹಿಡದೀಯ? ಅದು ಮನಷ್ಯಾನ ಗಲ್ಲ, ಜ್ವಾಳದ ಹೊಲ ಅಲ್ಲ! ಭಾರ ಹಾಕಬ್ಯಾಡ. ಕತ್ತಿದೇನು ಭಾರ ಐತಲ್ಲ, ಅಷ್ಟ ಸಾಕು.”

ಅಪ್ಪ ಬೈದರೆ ನನಗೆ ಬೇಜಾರಾಗುತ್ತಿರಲಿಲ್ಲ. ಕೆಲಸ ಬರುತ್ತದೆ ಅನ್ನಿಸಿದವರಿಗೆ ಮಾತ್ರ ಅವನು ಬೈಯುತ್ತಿದ್ದ. ಬರುವುದಿಲ್ಲ ಅನ್ನಿಸಿದವರಿಗೆ “ಚೊಲೋ ಆಗೈತಿ, ಚೊಲೋ ಆಗೈತಿ” ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದ. ನನ್ನ ಜೊತೆ ಕಲಿಯಲು ಬಂದಿದ್ದ ಸೋದರತ್ತೆಯ ಮಗನಿಗೆ ಆರು ತಿಂಗಳು ಬರೀ ಚೊಲೋ ಆಗೈತಿ ಎಂದ. ಅವನು ಕಡೆಗೆ ಕಂಪ್ಲಿಗೆ ಹೋಗಿ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯಲು ನಿಂತ.

ಗಣಿಯ ಭರಾಟೆ ಶುರುವಾದ ವರ್ಷವೇ ಅಪ್ಪನ ಕಣ್ಣು ಹೋದವು. ಸಕ್ಕರೆ ಕಾಯಿಲೆ. ಮೊದಲು ಕನ್ನಡಿಯಲ್ಲಿ ಹೊಗೆ ಕಾಣುತ್ತದೆ ಎಂದ. ರಸ್ತೆಯ ಕೆಂಪು ಧೂಳು ಕನ್ನಡಿಗೆ ಕೂತಿದೆ ಎಂದು ನಾನು ಒರೆಸಿದ್ದೇ ಒರೆಸಿದ್ದು. ಆಗ ಊರ ತುಂಬ ಅದಿರಿನ ಲಾರಿಗಳು, ಒಂದರ ಹಿಂದೆ ಒಂದು, ಹಗಲೆಲ್ಲ. ಗಿಡದ ಎಲೆ, ಒಣಹಾಕಿದ ಬಟ್ಟೆ, ಎಮ್ಮೆಯ ಬೆನ್ನು ಎಲ್ಲ ಇಟ್ಟಿಗೆ ಬಣ್ಣ. ಕಣ್ಣಿಗೆ ಹೊಗೆ ಕಂಡರೆ ಯಾರು ಕಣ್ಣನ್ನು ಅನುಮಾನಿಸುತ್ತಾರೆ? ನಾವು ಧೂಳನ್ನೇ ಬೈದುಕೊಂಡು ಕೂತೆವು. ಬಳ್ಳಾರಿಯ ಡಾಕ್ಟರು ನೋಡಿ, ಇಷ್ಟು ತಡ ಮಾಡಿದ್ದೀರಲ್ಲ ಎಂದು ಕೈ ಚೆಲ್ಲಿದರು.

ಅಪ್ಪ ಅಂಗಡಿ ಬಿಟ್ಟ. ಬಿಟ್ಟವನು ಮನೆಯ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಗಡ್ಡ ತೆಗೆಸಿಕೊಳ್ಳುವುದನ್ನೂ ಬಿಟ್ಟ. “ನನಗ ಕಾಣದ ಮಾರಿ, ಯಾಕ ಬೋಳಿಸ್ಲಿ?” ಎಂದ. ಎರಡು ತುತ್ತು ಉಂಡು ತಟ್ಟೆ ಸರಿಸುತ್ತಿದ್ದ. ಅವ್ವ ಅತ್ತಳು, ನನ್ನ ಹೆಂಡತಿ ಕೈಮುಗಿದು ಕೇಳಿಕೊಂಡಳು. ನಾನು ಕೂಗಾಡಿದೆ. ಏನು ಮಾಡಿದರೂ ಅಷ್ಟೇ. ಮನುಷ್ಯ ನಮ್ಮ ಕಣ್ಣೆದುರಿಗೇ ಕರಗುತ್ತಿದ್ದ. ಇನ್ನೆರಡು ತಿಂಗಳು ಹೀಗೇ ಹೋದರೆ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ, ನನ್ನ ಕತ್ತಿ ಯಾಕೋ ಕೂದಲು ಕೊಯ್ಯದೆ ಎಳೆಯುತ್ತಿದೆ ಎಂದು ಅವ್ವನ ಹತ್ತಿರ ಗೊಣಗಿದೆ. ಗೋಡೆಯ ಕಡೆಯಿಂದ ದನಿ ಬಂತು.

“ಕಡೀ ಕಲ್ಲಿಗೆ ಹಚ್ಚೀಯೇನು?”

“ಹಚ್ಚೀನಪ್ಪ.”

“ಕೊಡಿಲ್ಲಿ.”

ಎದ್ದು ಕೂತ. ಕಲ್ಲನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ನೀರು ಚಿಮುಕಿಸಿದ. ಕತ್ತಿಯ ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ಕೂರುವ ಹಾಗೆ ಚಪ್ಪಟೆಯಾಗಿ ಇಟ್ಟು, ಮುಂದಕ್ಕೆ ದೂಡಿ, ಬೆನ್ನಿನ ಮೇಲೆ ಹೊರಳಿಸಿ, ಹಿಂದಕ್ಕೆ ತಂದ. ಮತ್ತೆ ಮುಂದಕ್ಕೆ. ಕಣ್ಣು ಬೇಕಾಗಲೇ ಇಲ್ಲ. ಕಿವಿ ಓರೆ ಮಾಡಿ ಸದ್ದು ಕೇಳುತ್ತಿದ್ದ. ಮೊದಲು ಸುಂಯ್ ಎನ್ನುತ್ತಿದ್ದದ್ದು ಬರಬರುತ್ತ ಸಣ್ಣಗಾಯಿತು, ಆಮೇಲೆ ಸದ್ದೇ ಇಲ್ಲ. ಆಗ ನಿಲ್ಲಿಸಿ, ತನ್ನ ಗಡ್ಡದ ಒಂದು ಕೂದಲು ಕಿತ್ತು ಅಲಗಿಗೆ ಮುಟ್ಟಿಸಿದ. ಕೂದಲು ಎರಡಾಯಿತು. ಚರ್ಮದ ಪಟ್ಟಿಯ ಮೇಲೆ ನಾಲ್ಕು ಸಲ ಎಳೆದು, ಅಂಗೈ ಮೇಲೆ ಎರಡು ಸಲ ಆಡಿಸಿ, ನನ್ನ ಕೈಗಿಟ್ಟ. ಅವತ್ತು ಅಪ್ಪ ಎರಡು ರೊಟ್ಟಿ ಉಂಡ.

ಹಾಗೆ ಶುರುವಾಯಿತು. ದಿನಾ ಮಧ್ಯಾಹ್ನ ಎರಡಕ್ಕೆ ಅಂಗಡಿ ಮುಚ್ಚಿ, ಮೂರು ಕತ್ತಿಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಬರುತ್ತಿದ್ದೆ. ಅಪ್ಪ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಸಿಕೊಂಡು ಕಾಯುತ್ತಿದ್ದ. ನಾಲ್ಕಕ್ಕೆ ಮೂರೂ ಕತ್ತಿ ತಯಾರು. ಮಂಗಳವಾರ ಅಂಗಡಿಗೆ ರಜ, ಅವತ್ತು ಯಾರ ಮುಖಕ್ಕೂ ಕತ್ತಿ ಮುಟ್ಟಿಸುವ ಹಾಗಿಲ್ಲ, ಆದರೆ ಕಲ್ಲಿಗೆ ರಜ ಇಲ್ಲ. ಅವತ್ತು ಕಡೀ ಕಲ್ಲನ್ನೇ ತೊಳೆದು, ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ, ಉಜ್ಜಿ ಸಮ ಮಾಡುವುದು. ಅಪ್ಪ ಮತ್ತೆ ಬೈಯಲು ಶುರು ಮಾಡಿದ. ಅವ್ವ ಒಳಗೆ ರೊಟ್ಟಿ ಬಡಿಯುತ್ತ ನಗುತ್ತಿದ್ದಳು. ಮನೆಗೆ ಜೀವ ಬಂತು.

ಆರು ತಿಂಗಳು ಹೀಗೆ ನಡೆಯಿತು. ಆಮೇಲೆ ನನ್ನ ಗ್ರಹಚಾರ ಅಂಗಡಿಯ ಬಾಗಿಲಿಗೇ ಬಂದು ನಿಂತಿತು.

ಒಬ್ಬ ಲಾರಿ ಡ್ರೈವರ್ ಬಂದು ಕುರ್ಚಿಗೆ ಕೂತ. ಮುಖಕ್ಕೆ ನೊರೆ ಹಚ್ಚಿದೆ. ಕತ್ತಿ ಬಿಚ್ಚಿದ್ದೇ ತಡ, ಕನ್ನಡಿಯಲ್ಲಿ ಅದನ್ನು ನೋಡಿ ಧಡಕ್ಕನೆ ಎದ್ದ.

“ಏಯ್, ಇದ್ಯಾನ್ರೀ ಇದು? ಬ್ಲೇಡ್ ಇಲ್ಲೇನು? ಹೊಸಾ ಬ್ಲೇಡ್ ಹಾಕ್ರಿ. ನನ್ ಕಣ್ಮುಂದ ಮುರೀಬೇಕು.”

“ಇದು ಡೆಟಾಲ್ನಾಗ ತೊಳದದ್ರಿ. ಭಾಳ ನುಣುಪು ಐತಿ, ಕುಂದ್ರಿ,” ಎಂದೆ.

“ನುಣುಪು ತಗಂಡು ಏನ್ ಮಾಡ್ಲಿ? ಆ ರೋಗ ಬಂದ್ರ ನೀವ್ ನೋಡ್ಕಂತೀರೇನು?” ಎಂದವನೇ ನೊರೆ ಮುಖದಲ್ಲೇ ಎದುರಿನ ಅಂಗಡಿಗೆ ಹೋದ.

ಅವನದೇನೂ ತಪ್ಪಿರಲಿಲ್ಲ. ಆಗ ಏಡ್ಸ್ ರೋಗದ ಭಯ ಹೆದ್ದಾರಿಯ ಉದ್ದಕ್ಕೂ ಹಬ್ಬಿತ್ತು. ಆಸ್ಪತ್ರೆಯವರು ಬಂದು ನಮಗೆಲ್ಲ ಮೀಟಿಂಗ್ ಮಾಡಿ, ಒಬ್ಬರಿಗೆ ಒಂದೇ ಬ್ಲೇಡು, ಹಳೇ ಕತ್ತಿ ಬಂದ್ ಎಂದು ಹೇಳಿ ಗೋಡೆಗೆ ಚೀಟಿ ಅಂಟಿಸಿ ಹೋದರು. ಎರಡು ತಿಂಗಳಲ್ಲಿ ಕತ್ತಿಯಿಂದ ಮಾಡಿಸಿಕೊಳ್ಳುವ ಒಬ್ಬ ಗಿರಾಕಿಯೂ ಉಳಿಯಲಿಲ್ಲ. ನಾನೂ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ತಂದೆ. ಕಾಗದದ ಸಮೇತ ಬ್ಲೇಡು ಪಟಕ್ಕೆಂದು ಮುರಿಯುವುದು, ಅರ್ಧ ಸಿಕ್ಕಿಸುವುದು, ಕೆರೆಯುವುದು, ಬಿಸಾಡುವುದು. ಆ ಹಿಡಿ ಕಡ್ಡಿಯಷ್ಟು ಹಗುರ. ಅದನ್ನು ಒತ್ತಿಯೇ ಎಳೆಯಬೇಕು. ಒಂದು ವಾರದಲ್ಲಿ ಕೈಗೆ ಕೂತಿತು. ಇದೂ ಒಂದು ಕೆಲಸವೇ ಎಂದು ಅಂದುಕೊಂಡೆ.

ಅಪ್ಪನಿಗೆ ಹೇಳಬೇಕಿತ್ತು. ಹೇಳಲಿಕ್ಕೆಂದು ಎರಡು ಸಲ ಬಾಯಿ ತೆರೆದೆ. ಹಿತ್ತಲಲ್ಲಿ ಮಣೆ ಹಾಕಿಕೊಂಡು, ಕಲ್ಲು ತೊಳೆದಿಟ್ಟುಕೊಂಡು, ನನ್ನ ಚಪ್ಪಲಿ ಸದ್ದಿಗೆ ಕೈ ಚಾಚುತ್ತಿದ್ದ. ಆ ಕೈಗೆ ಏನು ಹೇಳಲಿ? ಗೋಡೆಗೆ ಮುಖ ಮಾಡಿ ಮಲಗಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಡಬ್ಬಿ ಕೊಟ್ಟೆ.

ಅಪ್ಪ ಒಂದು ಕತ್ತಿ ಕಲ್ಲಿಗಿಟ್ಟ. ಒಂದು ಸಲ ದೂಡಿದವನು ನಿಲ್ಲಿಸಿದ.

“ಇದು ಯಾರ ಗಡ್ಡಕ್ಕೂ ಹತ್ತಿಲ್ಲಲ್ಲ?”

“ಇವತ್ತು ಮಂದಿ ಕಮ್ಮಿ ಅಪ್ಪಾ.”

ಮರುದಿನವೂ ಅದೇ ಕೇಳಿದ, ನಾನೂ ಅದೇ ಹೇಳಿದೆ. ಮೂರನೆಯ ದಿನ ಕತ್ತಿ ಮುಟ್ಟಿ ಹಾಗೇ ಡಬ್ಬಿಗಿಟ್ಟ. ಅವತ್ತು ರೊಟ್ಟಿ ಒಂದೇ ಸಾಕೆಂದ. 

ನಾಲ್ಕನೆಯ ದಿನ ನಾನು ಮಾಡಿದ ಕೆಲಸ ಹೇಳಲಿಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅಂಗಡಿ ಮುಚ್ಚುವ ಮುಂಚೆ, ಬಾಗಿಲು ಮುಂದೆ ಮಾಡಿ, ಸೋಡಾ ಬಾಟಲಿಯ ತಳಕ್ಕೆ ಮೂರೂ ಕತ್ತಿಗಳ ಬಾಯಿ ಎಳೆದೆ. ಅಪ್ಪ ಮಸೆದ ಕತ್ತಿ! ಗಾಜಿಗೆ ಅದು ಕಿರ್ರೆಂದಾಗ ನನ್ನ ಹಲ್ಲು ಜುಂ ಎಂದವು. ಮೊಂಡ ಮಾಡಿ ಮನೆಗೆ ಒಯ್ದೆ.

ಅಪ್ಪನ ಮುಖ ಅರಳಿತು. “ಇದೇನಲೇ, ಕತ್ತಿ ಹಿಂಗ್ ಹಾಳಾಗೈತಿ? ಗಡ್ಡ ತಗದೀಯೋ, ಗ್ವಾಡಿ ಕೆರದೀಯೋ?”

“ಲಾರಿ ಡ್ರೈವರ್ಗಳಪ್ಪ,” ಎಂದೆ. ಬಾಯಿಗೆ ಬಂದದ್ದು ಅದು. “ಗಡ್ಡದ ತುಂಬ ಅದಿರಿನ ಧೂಳು.”

“ಹಂಗನ್ನು! ಅದು ಕಬ್ಬಣದ ಧೂಳಲೇ, ಕತ್ತಿ ತಿನ್ನದ ಬಿಡ್ತೈತೇನು? ಬಿಸಿನೀರು ಹಾಕಿ ಎರಡು ಸಲ ಮಾರಿ ತೊಳಸು, ಆಮ್ಯಾಗ ನೊರಿ ಹಚ್ಚು. ಅಷ್ಟೂ ಗೊತ್ತಾಗಂಗಿಲ್ಲ, ಮಗನ!”

ಅಪ್ಪನ ಕೈ ಕಲ್ಲಿನ ಮೇಲೆ ಓಡತೊಡಗಿತು.  ನಮ್ಮೂರಿನಲ್ಲಿ ಏನು ಕೆಟ್ಟರೂ ಧೂಳಿನ ತಲೆಗೆ ಕಟ್ಟಿದರೆ ಎಲ್ಲರೂ ನಂಬುತ್ತಿದ್ದ ಕಾಲ ಅದು. ಕಣ್ಣು ಹೋಗುವಾಗಲೂ ಅದನ್ನೇ ನಂಬಿ ಕೆಟ್ಟಿದ್ದೆವು. ಈಗ ಅದೇ ಧೂಳು ನನ್ನ ಮಾನ ಉಳಿಸಿತು.

ಅಲ್ಲಿಂದ ಮೂರು ವರ್ಷ, ದಿನಾ ಬಾಟಲಿಗೆ ಕತ್ತಿ ಎಳೆದೆ. ದಿನಾ ಅಪ್ಪ ಮಸೆದ.

ಸುಳ್ಳಿಗೆ ಒಂದು ಬಾಟಲಿ ಸಾಲುವುದಿಲ್ಲ. ಗಿರಾಕಿಗಳೂ ಬೇಕು. “ಇವತ್ತು ಯಾರ್ಯಾರು ಕುಂತಿದ್ರು?” ಎಂದು ಅಪ್ಪ ಕೇಳುತ್ತಿದ್ದ. ಮರಿಯಮ್ಮನಹಳ್ಳಿಯ ಡ್ರೈವರ್, ಕುರೆಕುಪ್ಪದ ಕಡೆ ಕಬ್ಬಿಣದ ಫ್ಯಾಕ್ಟರಿಗೆ ಬಂದ ಬಿಹಾರದವರು ಎಂದೆಲ್ಲ ಹೇಳುತ್ತಿದ್ದೆ. ಒಂದು ದಿನ ಏನೂ ಹೊಳೆಯದೆ, ಗಾದಿಗನೂರಿನಿಂದ ಒಬ್ಬ ಮುದುಕ ಬಂದಿದ್ದ, ಗದ್ದದ ಮೇಲೆ ಕಡಲೆಕಾಳಿನಷ್ಟು ಮಚ್ಚೆ ಇತ್ತು, ಕತ್ತಿ ಆಡಿಸಲಿಕ್ಕೆ ಕಷ್ಟವಾಯಿತು ಎಂದುಬಿಟ್ಟೆ. ಅಂಥವನು ಯಾರೂ ಇರಲಿಲ್ಲ. ಆದರೆ ಅಪ್ಪ ಅವನನ್ನು ಹಿಡಿದುಕೊಂಡ.

“ಮಚ್ಚಿ ಸುತ್ತ ತಗೀಬೇಕಲೇ, ಮ್ಯಾಲ ಅಲ್ಲ. ಎಡಗೈಲೆ ತೊಗಲು ಜಗ್ಗಿ ಹಿಡಿ. ಅವಗ ಹೇಳು, ಆ ಮಚ್ಚಿ ಬೆಳ್ಯಾಕತ್ರ ದವಾಖಾನಿಗೆ ತೋರ್ಸು ಅಂತ. ನನ್ನಂಗ ತಡ ಮಾಡಬ್ಯಾಡ ಅಂತ.”

ಮುಂದಿನ ವಾರ ಕೇಳಿದ, “ಗಾದಿಗನೂರಾತ ಬಂದಿದ್ನೇನು?” ಬಂದಿದ್ದ ಎಂದೆ. ತೋರಿಸಿದನೇ? ತೋರಿಸಿದ. ಏನಂದರು? ಏನೂ ಇಲ್ಲ ಅಂದರಂತೆ. ಅಪ್ಪನಿಗೆ ಸಮಾಧಾನವಾಯಿತು. ಆಮೇಲೆ ಆ ಮುದುಕನಿಗೆ ಹೆಂಡತಿ ಬಂದಳು, ಇಬ್ಬರು ಹೆಣ್ಣುಮಕ್ಕಳು ಬಂದರು, ಮಂಡಿನೋವು ಬಂತು. ಎಲ್ಲ ನನ್ನ ಬಾಯಿಂದಲೇ. ಒಂದು ಸಲ ಅಪ್ಪ ಅವನಿಗೆಂದು ಅವ್ವನ ಕೈಲಿ ಮಂಡಿನೋವಿನ ಎಣ್ಣೆ ಕಾಯಿಸಿ ಬಾಟಲಿಯಲ್ಲಿ ಕಳಿಸಿದ. ನಾನು ಅದನ್ನು ಅಂಗಡಿಗೆ ಒಯ್ದು, ಇಟ್ಟುಕೊಳ್ಳಲೂ ಆಗದೆ, ಚೆಲ್ಲಲೂ ಆಗದೆ, ಕನ್ನಡಿಯ ಹಿಂದೆ ಅಡಗಿಸಿಟ್ಟೆ. ನನ್ನ ಹೆಂಡತಿಗೆ ಎಲ್ಲ ಗೊತ್ತಿತ್ತು. “ಇನ್ನೊಂದು ವರ್ಷ ಹೋದ್ರ ಆ ಮುದುಕನ ಮಗಳ ಲಗ್ನಕ್ಕ ನಾವು ಸೀರಿ ಉಡಗೊರಿ ಒಯ್ಬೇಕಾಗ್ತತಿ ನೋಡ್ರಿ,” ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವಳೇ ಒಂದು ದಾರಿ ಹೇಳಿದಳು. ಹಂಪಿಗೆ ಹೋಗ್ರಿ, ಫಾರಿನ್ನವರಿಗೆ ಹಳೇದೆಲ್ಲ ಇಷ್ಟ, ಕತ್ತಿಯಿಂದ ಮಾಡಿಸಿಕೊಳ್ಳುತ್ತಾರೆ, ನಿಮ್ಮ ಸುಳ್ಳು ನಿಜವಾಗುತ್ತದೆ ಎಂದಳು. ಅದೂ ಹೌದೆನಿಸಿ ಒಂದು ದಿನ ಅಂಗಡಿ ತೆರೆಯದೆ ಡಬ್ಬಿ ಹಿಡಿದು ಹೋದೆ. ಹೊಳೆಯ ದಂಡೆಯ ಹತ್ತಿರ ಒಬ್ಬ ಬಿಳಿ ಮನುಷ್ಯ ಕತ್ತಿ ನೋಡಿ ಕಣ್ಣು ದೊಡ್ಡದು ಮಾಡಿ, ಎಲ್ಲ ಕಡೆಯಿಂದ ಫೋಟೊ ಹೊಡೆದುಕೊಂಡ. ಆಮೇಲೆ ಬಂಡೆಯ ಮೇಲೆ ಕೂತು, ಎರಡು ಬೆರಳು ಎತ್ತಿ ಮುರಿಯುವ ಹಾಗೆ ಮಾಡಿ ತೋರಿಸಿ, “ನ್ಯೂ ಬ್ಲೇಡ್” ಎಂದ. ಥೂ ನನ್ನ ಹಣೆಬರಹವೇ ಎಂದು ವಾಪಸ್ಸು ಬಸ್ಸು ಹತ್ತಿದೆ.

ಮೂರನೆಯ ವರ್ಷ ಕಲ್ಲು ಸೋಲತೊಡಗಿತು. ಕಡೀ ಕಲ್ಲು ಇರುವುದು ಬರೀ ನಯ ಮಾಡಲಿಕ್ಕೆ. ಒರಟು ಕಲ್ಲಿನ ಕೆಲಸವನ್ನು ಅದರಿಂದ ಮಾಡಿಸಕೂಡದು. ಆದರೆ ಉಳಿದೆರಡು ಕಲ್ಲು ಹಿಡಿಯಲು ಅಪ್ಪನಿಗೆ ಧೈರ್ಯವಿರಲಿಲ್ಲ, ಕಣ್ಣಿಲ್ಲದೆ ಅವುಗಳ ಮೇಲೆ ಒಂದು ಸಲ ತಪ್ಪಿದರೆ ಕತ್ತಿಯೇ ಹಾಳು. ಹಾಗಾಗಿ ನಾನು ಗಾಜಿಗೆ ಎಳೆದು ಮಾಡಿದ ಮೊಂಡನ್ನೆಲ್ಲ ಆ ಪುಟ್ಟ ಕಲ್ಲೇ ಸರಿಪಡಿಸಬೇಕಿತ್ತು. ಅಜ್ಜನ ಕಾಲದಿಂದ ಇದ್ದ ಕಲ್ಲು ಮೂರು ವರ್ಷಕ್ಕೆ, ಮಂಗಳವಾರ ಎಷ್ಟು ಉಜ್ಜಿದರೂ, ನಡುವೆ ತಗ್ಗು ಬಿದ್ದು, ಒಂದು ತುದಿಗೆ ರೊಟ್ಟಿಯಷ್ಟು ತೆಳ್ಳಗಾಯಿತು. ನಾನೇ ತಿಂದೆ ಅದನ್ನು. ನೋಡುತ್ತ ನೋಡುತ್ತ ತಿಂದೆ. ನಿಲ್ಲಿಸಬೇಕೆಂದರೆ ನಿಜ ಹೇಳಬೇಕು, ನಿಜ ಹೇಳಿದರೆ ಅಪ್ಪ ಗೋಡೆಗೆ ತಿರುಗುತ್ತಾನೆ.

“ಸಂಡೂರಿಗೆ ಹೋಗಿ ಬಾ,” ಎಂದ ಅಪ್ಪ. “ಗುಡ್ಡದ ಬುಡಕ್ಕ ಹಳ್ಳ ಐತಿ, ದೊಡ್ಡ ಅತ್ತಿ ಮರದ ಹತ್ರ ಇಳಿ. ನಾಲಿಗಿಗೆ ಹಚ್ಚಿ ನೋಡು. ಮರಳು ಹತ್ತಿದ್ರ ಬ್ಯಾಡ.”

ಹೋದೆ. ಬಸ್ಸು ಲಾರಿ ಸಾಲಿನ ಹಿಂದೆ ತೆವಳಿಕೊಂಡು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಪ್ಪ ಹೇಳಿದ ದಾರಿ ಹಿಡಿದು ನಡೆದೆ. ಅತ್ತಿ ಮರ ಇರಲಿಲ್ಲ. ಒಂದು ತಂತಿ ಬೇಲಿ, ಒಂದು ಗೇಟು, ಒಬ್ಬ ವಾಚ್‌ಮನ್. ಅವನ ಹಿಂದೆ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಕಡಿದುಹೋಗಿತ್ತು. ಹಳ್ಳ ಇರಬೇಕಾದ ಜಾಗದಲ್ಲಿ ಕೆಂಪು ಮಣ್ಣಿನ ದಿಬ್ಬ, ಅದರ ಮೇಲೆ ಲಾರಿ.

“ಏನ್ ಬೇಕ್ರಿ?” ಎಂದ ವಾಚ್‌ಮನ್.

“ಒಂದು ಕಲ್ಲು ಬೇಕಿತ್ರಿ. ಇಲ್ಲೊಂದು ಹಳ್ಳ ಇತ್ತಲ್ರಿ, ಅದರಾಗಿಂದು.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಇಲ್ಲಿಂದ ದಿನಾ ಗುಡ್ಡ ಗುಡ್ಡಾನ ಹೊಂಟೈತಿ, ನೀವು ಒಂದು ಕಲ್ಲು ಕೇಳ್ತೀರಲ್ರೀ,” ಎಂದು ನಕ್ಕ. ಕೆಟ್ಟ ಮನುಷ್ಯನಲ್ಲ. ಕುಡಿಯಲು ನೀರು ಕೊಟ್ಟ. ಆದರೆ ಒಳಗೆ ಬಿಡಲಿಲ್ಲ, ಬಿಟ್ಟಿದ್ದರೂ ಹಳ್ಳ ಮಣ್ಣಿನ ಅಡಿಗೆ ಎಷ್ಟು ಆಳದಲ್ಲಿತ್ತೋ. ಗೇಟಿನ ಹೊರಗೆ ಬಿದ್ದಿದ್ದ ಎರಡು ಕಲ್ಲು ಎತ್ತಿ ನಾಲಿಗೆಗೆ ಹಚ್ಚಿದೆ. ಬಾಯಿ ತುಂಬ ಕಬ್ಬಿಣದ ರುಚಿ. ಉಗಿದು ಬಂದೆ.

ಅಪ್ಪನಿಗೆ ಅವತ್ತು ಮಾತ್ರ ನಿಜ ಹೇಳಿದೆ. “ಹಳ್ಳ ಇಲ್ಲಪ್ಪ. ಗುಡ್ಡಾನೂ ಅರ್ಧ ಇಲ್ಲ.”

ಅಪ್ಪ ಹೋ ಎಂದು ನಕ್ಕ. “ಸುಳ್ಳು ಹೇಳಿದ್ರ ನಂಬೂವಂಗ ಹೇಳಲೇ! ಗುಡ್ಡ ಎಲ್ಲಿಗೆ ಹೋಗ್ತತಿ? ಬಿಸಿಲಿಗೆ ಬ್ಯಾಸತ್ತು ಅರ್ಧ ದಾರಿಗೆ ತಿರುಗಿ ಬಂದಿ ನೀನು.”

ಮೂರು ವರ್ಷ ಹೇಳಿದ ಅಷ್ಟೂ ಸುಳ್ಳನ್ನು ನಂಬಿದವನು ಈ ಒಂದು ನಿಜವನ್ನು ನಂಬಲಿಲ್ಲ. ಹೌದಪ್ಪ, ಬಿಸಿಲು ಭಾಳ ಇತ್ತು ಎಂದು ಒಪ್ಪಿಕೊಂಡೆ.

ಒಂದು ವಾರದ ಮೇಲೆ ಅಪ್ಪ ಕಲ್ಲನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ಸವರಿದ. ಇದು ಇನ್ನು ಹೆಚ್ಚು ದಿನ ಬಾಳುವುದಿಲ್ಲ ಎಂದ. “ಇದು ಮುಗಿಯೂದರೊಳಗ ಒಂದು ಕತ್ತಿ ನನಗಂತ ಮಸೀತೀನಿ. ನಾಳೆ ಮುಂಜಾನಿ ಅದರಲೇ ನನ್ನ ಗಡ್ಡ ತಗಿ. ನನ್ನ ಕತ್ತಿ ಹೆಂಗೈತಿ ಅಂತ ನಾನೂ ನೋಡಬೇಕಲ್ಲ.”

ಅವ್ವ ಒಳಗಿನಿಂದ ಓಡಿ ಬಂದಳು. ಕಣ್ಣು ಹೋದ ಮೇಲೆ ಗಡ್ಡ ಬಿಟ್ಟವನು, ಕತ್ತರಿಯಿಂದ ಸವರಲು ಮಾತ್ರ ಬಿಡುತ್ತಿದ್ದವನು, ತಾನಾಗಿಯೇ ಕ್ಷೌರ ಕೇಳಿದ್ದು! ಅವ್ವನ ಖುಷಿ ಹೇಳತೀರದು. ನನಗೆ ಮಾತ್ರ ಖುಷಿಪಡಲಾಗಲಿಲ್ಲ. ಮೂರು ವರ್ಷದಿಂದ ನಾನು ಯಾರ ಮುಖಕ್ಕೂ ಕತ್ತಿ ಹಿಡಿದಿರಲಿಲ್ಲ. ಆದರೂ ಕಲಿತ ಕೈ, ಎಲ್ಲಿಗೆ ಹೋಗುತ್ತದೆ ಎಂದು ಧೈರ್ಯ ಹೇಳಿಕೊಂಡೆ.

ಮುಂಜಾನೆ ಅವ್ವ ಬಿಸಿನೀರು ಕಾಯಿಸಿದಳು. ಹಿತ್ತಲಲ್ಲಿ ಕುರ್ಚಿ ಹಾಕಿ ಅಪ್ಪನನ್ನು ಕೂರಿಸಿದೆ. ಹೆಗಲಿಗೆ ಬಿಳಿ ಬಟ್ಟೆ ಹೊದಿಸಿದೆ. ಉದ್ದ ಗಡ್ಡವನ್ನು ಕತ್ತರಿಯಿಂದ ಕಡಿಮೆ ಮಾಡಿ ನೊರೆ ಹಚ್ಚಿದೆ. ಅಪ್ಪ ತಾನೇ ಮಸೆದ ಕತ್ತಿಯನ್ನು ತೊಡೆಯ ಮೇಲಿನ ಬಟ್ಟೆಯಿಂದ ಬಿಚ್ಚಿ ಕೊಟ್ಟ. ಆಹಾ, ಎಂಥ ಅಲಗು! ಹೊಸಪೇಟೆಯಲ್ಲೇ ಏನು, ಇಡೀ ಜಿಲ್ಲೆಯಲ್ಲಿ ಅವತ್ತು ಅಂಥ ಕತ್ತಿ ಇನ್ನೊಂದಿರಲಿಲ್ಲ. ಒರೆಸಿಕೊಳ್ಳಲು ಮಡಿಲಲ್ಲಿ ಇಟ್ಟ ಬಟ್ಟೆಯ ಮೇಲೆ ಆ ಕಲ್ಲೂ ಇತ್ತು, ಇನ್ನೂ ಒದ್ದೆ.

ಅಪ್ಪ ಗದ್ದ ಎತ್ತಿ ಕೊಟ್ಟ. ಮುಖದಲ್ಲಿ ಸಣ್ಣ ನಗು ಇತ್ತು.

ಬಲಗೆನ್ನೆಯ ಮೇಲೆ, ಕಿವಿಯ ಕೆಳಗೆ, ಕತ್ತಿ ಇಟ್ಟು ಎಳೆದೆ. ಒತ್ತಿ ಎಳೆದೆ. ಬೇಕೆಂದು ಒತ್ತಿದ್ದಲ್ಲ, ಮೂರು ವರ್ಷ ಆ ಹಗುರ ಹಿಡಿಯನ್ನು ಒತ್ತಿ ಒತ್ತಿ ಕೈಗೆ ಅದೇ ಕೂತಿತ್ತು. ಕತ್ತಿ ಎಷ್ಟು ಹರಿತವಿತ್ತೆಂದರೆ, ನನಗೆ ಗೊತ್ತಾಗುವ ಮುಂಚೆಯೇ ನೊರೆಯ ಮೇಲೆ ಕೆಂಪು ಗೆರೆ ಬಂತು. ಗಾಬರಿಯಾಗಿ ಕೋನ ಬದಲಿಸಿದೆ. ಎರಡನೆಯ ಎಳೆತ ಜಾರಿ ಇನ್ನೊಂದು ಗೆರೆ.  ಹೇಗೋ ಆ ಕೆನ್ನೆ ಮುಗಿಸಿದೆ. ಅಪ್ಪ ಮಿಸುಕಾಡಲಿಲ್ಲ. ನೋವಿಗೆ ಹೆದರುವ ಮನುಷ್ಯನಲ್ಲ ಅವನು. ಆದರೆ ಮುಖದ ಮೇಲಿನ ನಗು ಹೋಗಿತ್ತು.

ಕತ್ತಿ ಎಡಗಡೆಗೆ ಒಯ್ಯುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದ.

“ಎಷ್ಟು ವರ್ಷಾತಲೇ, ಕತ್ತಿ ಬಿಟ್ಟು?”

ನಾನು ಕೈ ಹಿಂದಕ್ಕೆ ತೆಗೆಯಲು ನೋಡಿದೆ. ಹಿಡಿದ ಕೈ ಬಿಡಲಿಲ್ಲ ಅವನು.

“ಮೂರು,” ಎಂದೆ.

ಅಪ್ಪ ಕೂತಲ್ಲೇ ಕೂತಿದ್ದ. ಮಡಿಲಿನ ಕಲ್ಲಿನ ಮೇಲೆ ಇನ್ನೊಂದು ಕೈ ಇತ್ತು. ಬೆರಳು ಅದರ ನಡುವಿನ ತಗ್ಗಿಗೆ ಹೋಗಿ ನಿಂತಿತು. ಅದು ಯಾಕೆ ಅಷ್ಟು ಸವೆಯಿತು ಎಂದು ಆಗ ಅವನಿಗೆ ತಿಳಿದಿರಬೇಕು.

“ಗಾದಿಗನೂರಾತ?” ಎಂದ.

“ಇಲ್ಲಪ್ಪ.”

“ಇಲ್ಲ ಅಂದ್ರ? ಬರೂದು ಬಿಟ್ಟಾನೇನು?”

“ಅಂಥಾವ ಒಬ್ಬ ಇದ್ದಿಲ್ಲಪ್ಪ. ಯಾವತ್ತೂ ಇದ್ದಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಅವ್ವ ತಂಬಿಗೆ ಹಿಡಿದು ನಿಂತಿದ್ದಳು.  ಆ ಮುದುಕ ಸತ್ತ ಸುದ್ದಿ ಹೇಳಿದ್ದರೂ ಅಪ್ಪ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ ಅನ್ನಿಸಿತು. ಬೈ ಅಪ್ಪಾ, ಬೈ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಕುಡುಗೋಲು ಅನ್ನು, ಜೋಳದ ಹೊಲ ಅನ್ನು, ಏನಾದರೂ ಅನ್ನು.

“ಬ್ಲೇಡಿಂದು ಐತೇನು ನಿನ್ನತ್ರ?” ಎಂದ.

“ಐತಿ.”

“ತಗಿ ಮತ್ತ. ಅರ್ಧ ಮಾರಿ ಬಿಟ್ಕಂಡು ಕುಂದ್ರಲೇನು?”

ಅಂಗಿಯ ಜೇಬಿನಲ್ಲೇ ಇತ್ತು. ಬ್ಲೇಡು ಮುರಿದೆ. ಆ ಪಟಕ್ ಸದ್ದಿಗೆ ಅಪ್ಪ ಸ್ವಲ್ಪ ತಲೆ ವಾಲಿಸಿದ. ಎಡಗೆನ್ನೆಗೆ ಮತ್ತೆ ನೊರೆ ಹಚ್ಚಿ ಎಳೆದೆ. ಕೈಯೇ ಬೇರೆಯಾಯಿತು. ತಡವರಿಕೆ ಇಲ್ಲ. ಸರಸರ ಬಂತು. ಒಂದು ಗೆರೆ ಬೀಳದೆ, ಒಂದು ಕೂದಲು ಉಳಿಯದೆ ಮುಗಿಯಿತು. ಗಾಯವಾದ ಕಡೆ ಪಟಿಕ ಒತ್ತಿದೆ. ಅವ್ವ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮುಖ ಒರೆಸಿದಳು.

ಅಪ್ಪ ಎರಡೂ ಕೈ ಎತ್ತಿ ಎರಡೂ ಕೆನ್ನೆ ಸವರಿಕೊಂಡ. ತನ್ನ ಕತ್ತಿಯ ಕೆನ್ನೆ, ನನ್ನ ಬ್ಲೇಡಿನ ಕೆನ್ನೆ. ಬಲಗಡೆಯ ಗೆರೆಗಳ ಮೇಲೆ ಬೆರಳು ನಿಧಾನ ಹೋಯಿತು. ಎಡಗಡೆ ಜಾರಿತು.

“ಈ ಕಡಿಂದು ಚೊಲೋ ಆಗೈತಿ,” ಎಂದ.

ಅವತ್ತು ಮಧ್ಯಾಹ್ನ ಎರಡಕ್ಕೆ, ರೂಢಿಯಂತೆ, ಡಬ್ಬಿ ಹಿಡಿದುಕೊಂಡೇ ಮನೆಗೆ ಬಂದೆ. ಯಾಕೆ ತಂದೆನೋ ನನಗೇ ಗೊತ್ತಿಲ್ಲ. ಹಿತ್ತಲಲ್ಲಿ ಮಣೆ ಇರಲಿಲ್ಲ. ಕಲ್ಲನ್ನು ಒಣ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟಿದ್ದರು. ಅಪ್ಪ ಗೋಡೆಗೆ ತಿರುಗಿ ಮಲಗಿರಲಿಲ್ಲ, ಪಡಸಾಲೆಯಲ್ಲಿ ನೆಟ್ಟಗೆ ಕೂತಿದ್ದ. “ಊಟ ಮಾಡು,” ಎಂದ. ಕೈ ಚಾಚಲಿಲ್ಲ.

ಆಮೇಲೆ ಅಪ್ಪ ಒಂದೂವರೆ ವರ್ಷ ಇದ್ದ. ನಾನು ಹೆದರಿದ ಹಾಗೆ ಊಟ ಬಿಡಲಿಲ್ಲ, ಹಠ ಮಾಡಲಿಲ್ಲ. ಕೊಟ್ಟದ್ದು ಉಣ್ಣುತ್ತಿದ್ದ, ಕೂರಿಸಿದಲ್ಲಿ ಕೂರುತ್ತಿದ್ದ. ನಾಲ್ಕು ದಿನಕ್ಕೊಮ್ಮೆ ಬ್ಲೇಡಿನಿಂದ ಗಡ್ಡ ತೆಗೆಯುತ್ತಿದ್ದೆ. ಕೆಲವು ಸಲ ಬೇಕೆಂದೇ ಕಿವಿಯ ಹತ್ತಿರ ಎರಡು ಕೂದಲು ಬಿಡುತ್ತಿದ್ದೆ, ಬೆರಳಿಗೆ ಸಿಕ್ಕಿ ಒಂದು ಸಲವಾದರೂ ಮಗನೇ ಎಂದು ಬೈಯಲಿ ಎಂದು. ಅಪ್ಪನ ಬೆರಳು ಆ ಕೂದಲಿನ ಮೇಲೆ ಹೋಗಿ ನಿಲ್ಲುತ್ತಿತ್ತು. ಅವನಿಗೆ ಸಿಗದೆ ಇರುತ್ತದೆಯೇ?

“ಚೊಲೋ ಆಗೈತಿ,” ಎನ್ನುತ್ತಿದ್ದ. ಪ್ರತಿ ಸಲವೂ ಅಷ್ಟೇ ಎಂದ.